ಲೆಕ್ಕ ತಪ್ಪುವುದು ನಾಲ್ಕನೇ ತರಗತಿಯಲ್ಲಿ

ಪಹಣಿಯಲ್ಲಿ ವಿಸ್ತೀರ್ಣ 1.15 ಎಂದಿದ್ದರೆ ಅದು ಒಂದು ಎಕರೆ ಹದಿನೈದು ಗುಂಟೆ. ನಡುವಿನ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಎಕರೆಗೆ 40 ಗುಂಟೆ, ಹಾಗಾಗಿ 15 ಗುಂಟೆ ಎಂದರೆ ಎಕರೆಯ ಎಂಟರಲ್ಲಿ ಮೂರು ಭಾಗ. ದಶಮಾಂಶದಲ್ಲಿ ಬರೆದರೆ ಆ ಜಮೀನು 1.375 ಎಕರೆ. ಎಕರೆಗೆ 20 ಲಕ್ಷ ರೂಪಾಯಿಯಂತೆ ಮಾತಾದರೆ ಅದರ ಬೆಲೆ ಇಪ್ಪತ್ತೇಳೂವರೆ ಲಕ್ಷ. ಪಹಣಿಯ ಅಂಕಿಯನ್ನು ಇದ್ದಂತೆಯೇ ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ 20 ಲಕ್ಷದಿಂದ ಗುಣಿಸಿದರೆ ಬರುವುದು 23 ಲಕ್ಷ. ಕೈತಪ್ಪುವ ನಾಲ್ಕೂವರೆ ಲಕ್ಷಕ್ಕೆ ಯಂತ್ರ ಹೊಣೆಯಲ್ಲ, ಅದು ಗುಣಾಕಾರವನ್ನು ಸರಿಯಾಗಿಯೇ ಮಾಡಿದೆ. ಆ ಚುಕ್ಕಿ ಏನನ್ನು ಸೂಚಿಸುತ್ತದೆ, ಚುಕ್ಕಿಯ ಬಲಗಡೆಯ 15 ಯಾವುದರ ಭಾಗ ಎಂಬ ಪ್ರಶ್ನೆಯನ್ನು ಮನುಷ್ಯನೇ ಕೇಳಿಕೊಳ್ಳಬೇಕು. ಅದನ್ನು ಕೇಳಿಕೊಳ್ಳುವ ಶಕ್ತಿ ಬರುವುದು ಪ್ರಾಥಮಿಕ ಶಾಲೆಯ ಗಣಿತದಿಂದ.

ಆ ಶಕ್ತಿ ಇಲ್ಲದೆಯೇ ಹತ್ತನೇ ತರಗತಿ, ಪಿಯುಸಿ, ಪದವಿಯವರೆಗೆ ಬಂದುಬಿಡುವ ಮಕ್ಕಳ ಸಂಖ್ಯೆ ದೊಡ್ಡದಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಇದು ದಿನನಿತ್ಯದ ಚಿಂತೆ. ಡಿಗ್ರಿ ಮುಗಿಸಿದ ಮಗ ಪೊಲೀಸ್ ಕಾನ್‌ಸ್ಟೆಬಲ್, ರೈಲ್ವೆ, ಬ್ಯಾಂಕ್ ಪರೀಕ್ಷೆಗಳನ್ನು ಒಂದಾದ ಮೇಲೊಂದು ಬರೆಯುತ್ತಾನೆ, ಸಾಮಾನ್ಯ ಜ್ಞಾನದ ದಪ್ಪ ಗೈಡುಗಳನ್ನು ಕೊಳ್ಳುತ್ತಾನೆ, ಕಟ್‌ಆಫ್ ಮಾತ್ರ ದಾಟುವುದಿಲ್ಲ. ಇನ್ನೊಂದು ಗೈಡು, ಇನ್ನೊಂದು ಕೋಚಿಂಗ್ ಇದಕ್ಕೆ ಪರಿಹಾರ ಎಂದು ಎಲ್ಲರೂ ನಂಬಿದ್ದೇವೆ. ಈ ಲೇಖನದ ವಾದ ಬೇರೆ. ಹೆಚ್ಚಿನವರಲ್ಲಿ ಕೊರತೆ ಇರುವುದು ಮೂರರಿಂದ ಏಳನೇ ತರಗತಿಯ ನಡುವೆ ಕಲಿಯಬೇಕಿದ್ದ ನಾಲ್ಕೇ ಸಂಗತಿಗಳಲ್ಲಿ: ಸ್ಥಾನಬೆಲೆ, ಭಾಗಾಕಾರ, ಭಿನ್ನರಾಶಿ ಮತ್ತು ಶೇಕಡ. ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿಗೇ, ವಯಸ್ಸು ಎಷ್ಟಿದ್ದರೂ, ಹಿಂತಿರುಗಿ ಹೋದರೆ ಕೆಲವು ತಿಂಗಳಲ್ಲಿ ಅದನ್ನು ತುಂಬಿಕೊಳ್ಳಬಹುದು. ಅಲ್ಲಿಗೆ ಹೋಗದೆ ಮುಂದಿನದನ್ನು ಎಷ್ಟು ಓದಿದರೂ ನಿಲ್ಲುವುದಿಲ್ಲ.

ಅಂಕಿಗಳು ತೋರುವ ಚಿತ್ರ

ಪ್ರಥಮ್ ಸಂಸ್ಥೆ 2005ರಿಂದ ದೇಶದ ಗ್ರಾಮೀಣ ಮನೆಗಳಿಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ‘ಅಸರ್’ ಸಮೀಕ್ಷೆ ನಡೆಸುತ್ತಿದೆ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು ಅದರಲ್ಲಿನ ಅತಿ ಕಷ್ಟದ ಲೆಕ್ಕ. 2024ರಲ್ಲಿ ಅದನ್ನು ಮಾಡಬಲ್ಲವರು ಐದನೇ ತರಗತಿಯಲ್ಲಿ ಶೇ 30.7, ಎಂಟನೇ ತರಗತಿಯಲ್ಲಿ ಶೇ 45.8. ಅಂದರೆ ಹೈಸ್ಕೂಲಿನ ಬಾಗಿಲಲ್ಲಿರುವ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನಾಲ್ಕನೇ ತರಗತಿಯ ಭಾಗಾಕಾರ ಬಾರದು. ವಯಸ್ಸಾದಂತೆ ತಾನಾಗಿ ಬಂದೀತು ಎನ್ನುವಂತೆಯೂ ಇಲ್ಲ. 2023ರಲ್ಲಿ 14ರಿಂದ 18 ವರ್ಷದವರನ್ನೇ ಪರೀಕ್ಷಿಸಿದಾಗ ಆ ಲೆಕ್ಕ ಮಾಡಿದವರು ಶೇ 43.3 ಮಾತ್ರ. ಕೇಂದ್ರ ಸರ್ಕಾರದ ‘ಪರಖ್’ ಸಮೀಕ್ಷೆಯೂ 2024ರ ಡಿಸೆಂಬರಿನಲ್ಲಿ ಇದನ್ನೇ ಕಂಡಿತು. ಗಣಿತದ ಸರಾಸರಿ ಸಾಧನೆ ಮೂರನೇ ತರಗತಿಯಲ್ಲಿ ಶೇ 60, ಆರರಲ್ಲಿ 46, ಒಂಬತ್ತರಲ್ಲಿ 37. ತಳಹದಿ ಸಡಿಲವಿರುವುದರಿಂದ ಮೇಲಕ್ಕೆ ಹೋದಂತೆ ಅಂಕ ಇಳಿಯುತ್ತಿದೆ.

2023ರ ಅಸರ್ ವರದಿಯ ಇನ್ನೊಂದು ಭಾಗ ಉದ್ಯೋಗಾಕಾಂಕ್ಷಿಗಳು ಗಮನಿಸಬೇಕಾದದ್ದು. ಅಳತೆಪಟ್ಟಿಯ ಸೊನ್ನೆಯಿಂದ ಹಿಡಿದು ವಸ್ತುವಿನ ಉದ್ದ ಹೇಳಲು ಶೇ 85ರಷ್ಟು ಯುವಜನರಿಗೆ ಬಂದಿತು. ಅದೇ ವಸ್ತುವನ್ನು ಸೊನ್ನೆಯ ಬದಲು ಬೇರೆ ಅಂಕಿಯಿಂದ ಇಟ್ಟಾಗ ಸರಿಯುತ್ತರ ಹೇಳಿದವರು ಶೇ 39. ಕನಿಷ್ಠ ವ್ಯವಕಲನ ಬಲ್ಲವರಿಗೆ ಹಣದ ಲೆಕ್ಕ ಕೊಟ್ಟಾಗ ಶೇ 60ಕ್ಕೂ ಹೆಚ್ಚು ಮಂದಿ ಖರ್ಚಿನ ಪಟ್ಟಿಯನ್ನು ನಿಭಾಯಿಸಿದರು. ರಿಯಾಯಿತಿ ಕಳೆದು ಬೆಲೆ ಹೇಳಿದವರು ಸುಮಾರು ಶೇ 37. ಸಾಲದ ಮರುಪಾವತಿ ಲೆಕ್ಕ ಮಾಡಿದವರು ಸುಮಾರು ಶೇ 10 ಮಾತ್ರ. ಕಂಠಪಾಠದ ಹೆಜ್ಜೆ ಚೂರು ಬದಲಾದರೂ ಲೆಕ್ಕ ನಿಂತುಬಿಡುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಗಳಾದರೋ ಹೆಜ್ಜೆ ಬದಲಾದಾಗ ಅಭ್ಯರ್ಥಿ ಏನು ಮಾಡುತ್ತಾನೆ ಎಂಬುದನ್ನೇ ಅಳೆಯುತ್ತವೆ.

ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಪ್ರತಿ ತಲೆಮಾರೂ ಹೇಳುತ್ತದೆ, ಇದೂ ಅಂಥದ್ದೇ ಅಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಐದನೇ ತರಗತಿಯಲ್ಲಿ ಭಾಗಾಕಾರ ಬಲ್ಲವರು ದೇಶದಲ್ಲಿ 2010ರಲ್ಲಿ ಶೇ 35.9 ಇದ್ದರು. 2012ರ ಹೊತ್ತಿಗೆ ಅದು 24.8ಕ್ಕೆ ಕುಸಿಯಿತು, ಕೊರೊನಾದ ಮುಂಚೆ ಕೊಂಚ ಏರಿತು, 2022ರಲ್ಲಿ 25.6ಕ್ಕೆ ಇಳಿದು 2024ರಲ್ಲಿ ಮತ್ತೆ 30.7ಕ್ಕೆ ಏರಿತು. ಆದ್ದರಿಂದ ಎಲ್ಲ ಮುಗಿದೇಹೋಯಿತು ಎನ್ನುವುದು ಸುಳ್ಳು. ಆದರೆ ಹದಿನಾಲ್ಕು ವರ್ಷದ ಬಳಿಕವೂ ನಾವು 2010ರ ಮಟ್ಟಕ್ಕೆ ಮರಳಿಲ್ಲ, ಆ ಮಟ್ಟವೂ ಹೆಮ್ಮೆಪಡುವಂಥದ್ದಾಗಿರಲಿಲ್ಲ. ಹೊರದೇಶಗಳೂ ಹೊರತಲ್ಲ. 2022ರ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಒಇಸಿಡಿ ಒಕ್ಕೂಟದ ದೇಶಗಳ ಗಣಿತದ ಸರಾಸರಿ 2018ಕ್ಕಿಂತ ಸುಮಾರು 15 ಅಂಕ ಇಳಿದಿತ್ತು. ಆ ದೇಶಗಳ ವಯಸ್ಕರಲ್ಲೂ ಸುಮಾರು ನಾಲ್ಕರಲ್ಲೊಬ್ಬರು ಲೆಕ್ಕದಲ್ಲಿ ಕೆಳಗಿನ ಹಂತದಲ್ಲೇ ಉಳಿದಿದ್ದಾರೆ.

ನಮ್ಮ ರಾಜ್ಯದಲ್ಲಿ ಅಂಕಪಟ್ಟಿಯೂ ನಿಜವನ್ನು ಪೂರ್ತಿ ಹೇಳುವುದಿಲ್ಲ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕವನ್ನು ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ನಿಂತಿತು. ಆ ಹೆಚ್ಚುವರಿ ಕೃಪಾಂಕ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ 66.14. ಉತ್ತೀರ್ಣತೆಗೆ ಬೇಕಾದ ಪ್ರಮಾಣವನ್ನು ಶೇ 35ರಿಂದ 33ಕ್ಕೆ ಇಳಿಸುವ ತೀರ್ಮಾನವನ್ನು ಸರ್ಕಾರ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮಗುವಿಗೆ ಓದು ಮುಂದುವರಿಸುವ ಅವಕಾಶ ಸಿಗಲಿ ಎಂಬ ಕಾಳಜಿ ಸರಿಯಾದದ್ದೇ. ಆದರೆ ಪಾಸಾದ ಮಾತ್ರಕ್ಕೆ ಬುನಾದಿ ಇದೆ ಎಂದು ಪೋಷಕರು ಇನ್ನು ಭಾವಿಸುವಂತಿಲ್ಲ. ಅದನ್ನು ತಾವೇ ನೋಡಿಕೊಳ್ಳಬೇಕು.

ಕೆಲಸ ಹುಡುಕುವವರಿಗೆ ಪೆಟ್ಟು ಬೀಳುವುದೆಲ್ಲಿ

ಗ್ರಾಮೀಣ ಬ್ಯಾಂಕುಗಳ ಕಚೇರಿ ಸಹಾಯಕ ಹುದ್ದೆಯ ಪ್ರಾಥಮಿಕ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅದರಲ್ಲಿ 40 ಪ್ರಶ್ನೆ ತಾರ್ಕಿಕ ಸಾಮರ್ಥ್ಯದವು, 40 ಸಂಖ್ಯಾ ಸಾಮರ್ಥ್ಯದವು, ಕಾಲ 45 ನಿಮಿಷ. ಲೆಕ್ಕ ಹಾಕಿ ನೋಡಿ, ಒಂದು ಪ್ರಶ್ನೆಗೆ ಸಿಗುವುದು ಸುಮಾರು 34 ಸೆಕೆಂಡು. ರೈಲ್ವೆಯ ಗ್ರೂಪ್ ಡಿ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 25 ಗಣಿತದವು, 30 ತಾರ್ಕಿಕ ಪ್ರಶ್ನೆಗಳು. ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿಗೆ ಸಿಬ್ಬಂದಿ ನೇಮಕಾತಿ ಆಯೋಗ (ಎಸ್ಸೆಸ್ಸಿ) ನಡೆಸುವ ಪರೀಕ್ಷೆ 2024ರಿಂದ ಕನ್ನಡದಲ್ಲೂ ಲಭ್ಯ, ಅದರಲ್ಲಿ 80ಕ್ಕೆ 20 ಪ್ರಶ್ನೆ ಪ್ರಾಥಮಿಕ ಗಣಿತದವು. ಈ ಪ್ರಶ್ನೆಗಳ ಹೆಚ್ಚಿನ ಪಾಲು ಶೇಕಡ, ಅನುಪಾತ, ಸರಾಸರಿ, ಲಾಭ-ನಷ್ಟ, ಬಡ್ಡಿ, ಕಾಲ ಮತ್ತು ಕೆಲಸದ ಸುತ್ತಲಿನವು. ಇವೆಲ್ಲವೂ ಭಿನ್ನರಾಶಿಯ ಬೇರೆಬೇರೆ ರೂಪಗಳು. ಭಿನ್ನರಾಶಿ ಅರ್ಥವಾಗದವರು ಪ್ರತಿಯೊಂದಕ್ಕೂ ಬೇರೆ ಸೂತ್ರ, ಬೇರೆ ಶಾರ್ಟ್‌ಕಟ್ ಬಾಯಿಪಾಠ ಮಾಡಬೇಕಾಗುತ್ತದೆ. ಅರ್ಥವಾದವರು ಒಂದೇ ವಿಚಾರವನ್ನು ಎಲ್ಲೆಡೆ ಬಳಸುತ್ತಾರೆ.

ಲಿಖಿತ ಪರೀಕ್ಷೆ ಇಲ್ಲದ ಕೆಲಸಗಳಲ್ಲೂ ಇದೇ ಕಥೆ. ಐಟಿಐಗಳಲ್ಲಿ ‘ವರ್ಕ್‌ಶಾಪ್ ಕ್ಯಾಲ್ಕ್ಯುಲೇಶನ್’ ಎಂಬ ಪಾಠವೇ ಇದೆ. ಫಿಟ್ಟರ್ ಬಳಸುವ ವರ್ನಿಯರ್ ಕ್ಯಾಲಿಪರ್ ಸಾಮಾನ್ಯವಾಗಿ 0.02 ಮಿಲಿಮೀಟರಿನವರೆಗೆ ಅಳೆಯುತ್ತದೆ, 0.2 ಮತ್ತು 0.02ರ ನಡುವಿನ ಹತ್ತು ಪಟ್ಟು ವ್ಯತ್ಯಾಸ ಮನಸ್ಸಿಗೆ ಇಳಿಯದವರಿಗೆ ಆ ಉಪಕರಣ ದಕ್ಕುವುದಿಲ್ಲ. ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶಕ್ಕೋ ರೈಲು ಹತ್ತಿ ಬೆಂಗಳೂರಿಗೋ ಹೋಗುವ ಯುವಕ ಯುವತಿಯರಲ್ಲಿ ದಿನದ ಉತ್ಪಾದನೆ, ದೋಷದ ಪ್ರಮಾಣ, ಓವರ್‌ಟೈಮಿನ ಲೆಕ್ಕ ಬರೆಯಬಲ್ಲವರಿಗೆ ಸೂಪರ್‌ವೈಸರ್ ಆಗುವ ದಾರಿ ತೆರೆಯುತ್ತದೆ. ಬರೆಯಲಾಗದವರು ಮೆಷಿನ್ನಿನ ಮುಂದೆಯೇ ಉಳಿಯುತ್ತಾರೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮೊದಲ ಕೆಲಸ, ಕೊರತೆ ಎಲ್ಲಿದೆ ಎಂದು ಪತ್ತೆಹಚ್ಚುವುದು. ಇದಕ್ಕೆ ಒಂದು ಹಾಳೆ, ಅರ್ಧ ಗಂಟೆ ಸಾಕು. ಏಳು ಲೆಕ್ಕಗಳನ್ನು ಈ ಕ್ರಮದಲ್ಲೇ ಕೊಡಿ. ಒಂದು, 52ರಲ್ಲಿ 27 ಕಳೆಯಿರಿ. ಎರಡು, 857ನ್ನು 6ರಿಂದ ಭಾಗಿಸಿ. ಮೂರು, 812ನ್ನು 4ರಿಂದ ಭಾಗಿಸಿ. ನಾಲ್ಕು, ಐದರಲ್ಲಿ ಮೂರು ಭಾಗ ದೊಡ್ಡದೋ ಎಂಟರಲ್ಲಿ ಐದು ಭಾಗ ದೊಡ್ಡದೋ? ಐದು, 0.5 ಮತ್ತು 0.35ರಲ್ಲಿ ದೊಡ್ಡದು ಯಾವುದು? ಆರು, 800 ರೂಪಾಯಿಯ ಅಂಗಿಗೆ ಶೇ 15 ರಿಯಾಯಿತಿ ಇದ್ದರೆ ಎಷ್ಟು ಕೊಡಬೇಕು? ಏಳು, ರಾತ್ರಿ 9.40ಕ್ಕೆ ಮಲಗಿ ಬೆಳಿಗ್ಗೆ 5.25ಕ್ಕೆ ಎದ್ದರೆ ಎಷ್ಟು ಹೊತ್ತು ನಿದ್ದೆ? ಉತ್ತರಗಳು ಕ್ರಮವಾಗಿ 25; 142, ಶೇಷ 5; 203; ಎಂಟರಲ್ಲಿ ಐದು; 0.5; 680 ರೂಪಾಯಿ; 7 ಗಂಟೆ 45 ನಿಮಿಷ. ಎಂಟನೇ ತರಗತಿ ದಾಟಿದ ಯಾರಿಗಾದರೂ ಕ್ಯಾಲ್ಕ್ಯುಲೇಟರ್ ಇಲ್ಲದೆ ಇವಿಷ್ಟೂ ಬರಬೇಕು.

ಸರಿ-ತಪ್ಪು ಎಂದು ಗೀಟು ಹಾಕುವುದಕ್ಕಿಂತ ತಪ್ಪು ಯಾವ ಬಗೆಯದು ಎಂದು ನೋಡುವುದು ಮುಖ್ಯ. ಮೊದಲನೆಯದಕ್ಕೆ 35 ಎಂದು ಬರೆದಿದ್ದರೆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, ಅದಕ್ಕೆ ಹತ್ತನ್ನು ಬಿಡಿಸಿ ಬಿಡಿಗಳಾಗಿ ಮಾಡುವ ವಿಚಾರ ಗೊತ್ತಿಲ್ಲ. ಮೂರನೆಯದಕ್ಕೆ 23 ಎಂದು ಬರೆದಿದ್ದರೆ ಭಾಗಾಕಾರದ ಹೆಜ್ಜೆ ಬರುತ್ತದೆ, ನಡುವಿನ ಸೊನ್ನೆಯ ಸ್ಥಾನಬೆಲೆ ಬರುವುದಿಲ್ಲ. 35 ಐದಕ್ಕಿಂತ ದೊಡ್ಡದು, ಆದ್ದರಿಂದ 0.35 ದೊಡ್ಡದು ಎಂದರೆ ದಶಮಾಂಶವನ್ನು ಎರಡು ಬೇರೆ ಪೂರ್ಣಸಂಖ್ಯೆಗಳಂತೆ ಓದಲಾಗುತ್ತಿದೆ. ಏಳನೆಯದು ತಪ್ಪಿದರೆ ಗಂಟೆಗೆ 60 ನಿಮಿಷ ಎಂಬುದನ್ನು ಮರೆತು ನೂರರ ಲೆಕ್ಕದಲ್ಲಿ ಕಳೆದಿರುವ ಸಾಧ್ಯತೆ ಹೆಚ್ಚು. ಪ್ರತಿಯೊಂದು ತಪ್ಪಿಗೂ ಹೀಗೆ ಒಂದು ತರ್ಕ ಇದೆ. ಅದನ್ನು ಗುರುತಿಸಿದರೆ ಬೈಯುವ ಅಗತ್ಯ ಬೀಳುವುದಿಲ್ಲ, ಕಲಿಸಬೇಕಾದದ್ದು ಏನು ಎಂಬುದೂ ನಿಖರವಾಗಿ ತಿಳಿಯುತ್ತದೆ.

ಹಾಳೆಯ ಮೇಲೆ ಎಲ್ಲವೂ ಸರಿಬಂದು ಪದಗಳಲ್ಲಿ ಕೇಳಿದ ಲೆಕ್ಕ ಮಾತ್ರ ತಪ್ಪಿದರೆ ತೊಡಕು ಓದಿನದು. 2024ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 48.8 ಎಂದು ಅಸರ್ ಹೇಳುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ನೋಡಿ. ತಟ್ಟನೆ ಉತ್ತರ ಬಂದರೆ ಗಣಿತದ ಟ್ಯೂಷನ್ ಬೇಡ, ಪ್ರಶ್ನೆಯನ್ನು ಓದಿ ತನ್ನ ಮಾತಿನಲ್ಲಿ ಹೇಳುವ ಅಭ್ಯಾಸ ಬೇಕು.

ಹನ್ನೆರಡು ವಾರಗಳ ಹಾದಿ

ದಿನಕ್ಕೆ ಮುಕ್ಕಾಲು ಗಂಟೆ ಕೊಡಬಲ್ಲ ಉದ್ಯೋಗಾಕಾಂಕ್ಷಿಗೆ ಹನ್ನೆರಡು ವಾರಗಳ ಯೋಜನೆ ಹೊಂದುತ್ತದೆ. ಮೊದಲ ಎರಡು ವಾರ ಮಗ್ಗಿ ಮತ್ತು ಸ್ಥಾನಬೆಲೆಗೆ. ಹನ್ನೆರಡರವರೆಗಿನ ಮಗ್ಗಿ ಯೋಚಿಸದೆ ನಾಲಿಗೆಗೆ ಬರಬೇಕು. ಮಗ್ಗಿ ಬಾಯಿಪಾಠ ಹಳೆಯ ಪದ್ಧತಿ, ಅರ್ಥ ಮುಖ್ಯ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅರ್ಥ ಮುಖ್ಯವೇ. ಆದರೆ ಏಳೆಂಟಲ ಐವತ್ತಾರು ಎಂಬುದನ್ನು ಪ್ರತಿಸಲ ಬೆರಳೆಣಿಸಿ ಕಂಡುಹಿಡಿಯುವ ಮನಸ್ಸಿಗೆ ಲೆಕ್ಕದ ಮುಂದಿನ ಹೆಜ್ಜೆಯನ್ನು ಹಿಡಿದಿಟ್ಟುಕೊಳ್ಳುವ ಬಿಡುವು ಸಿಗುವುದಿಲ್ಲ. ಮಗ್ಗಿ ಬಾಯಿಗೆ ಬಂದರೆ ಅರ್ಥ ಮಾಡಿಕೊಳ್ಳಲು ಮನಸ್ಸಿಗೆ ಬಿಡುವು ಸಿಗುತ್ತದೆ, ಎರಡರ ನಡುವೆ ವಿರೋಧವಿಲ್ಲ. ಮೂರು, ನಾಲ್ಕನೇ ವಾರ ಭಾಗಾಕಾರಕ್ಕೆ. ದಿನಕ್ಕೆ ಹತ್ತು ಲೆಕ್ಕ, ಪ್ರತಿ ಉತ್ತರವನ್ನೂ ಗುಣಿಸಿ ತಾಳೆ ನೋಡಬೇಕು. ಲೆಕ್ಕಕ್ಕೆ ಮೊದಲೇ ಉತ್ತರ ಸುಮಾರು ಎಷ್ಟಿರಬಹುದು ಎಂದು ಅಂದಾಜು ಬರೆಯುವುದು ರೂಢಿಯಾದರೆ 203ರ ಬದಲು 23 ಬರೆಯುವ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಐದರಿಂದ ಏಳನೇ ವಾರದವರೆಗೆ ಭಿನ್ನರಾಶಿ. ಇಲ್ಲಿ ಅವಸರ ಮಾಡಬೇಡಿ, ಹೆಚ್ಚಿನವರು ಎಡವಿದ ಜಾಗ ಇದು. ಕಾಲುಭಾಗಕ್ಕೆ ಐದರಲ್ಲೊಂದು ಭಾಗವನ್ನು ಕೂಡಿಸು ಎಂದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಒಂಬತ್ತರಲ್ಲಿ ಎರಡು ಎನ್ನುವವರಿದ್ದಾರೆ. ಒಕ್ಕಲು ಮನೆಯ ಮಕ್ಕಳಿಗೆ ಇದನ್ನು ಗುಂಟೆಯಲ್ಲಿ ಕೇಳಿ. ಎಕರೆಯ ಕಾಲುಭಾಗ 10 ಗುಂಟೆ, ಐದರಲ್ಲೊಂದು ಭಾಗ 8 ಗುಂಟೆ, ಒಟ್ಟು 18 ಗುಂಟೆ. ಅಂದರೆ ನಲವತ್ತರಲ್ಲಿ ಹದಿನೆಂಟು, ಸಂಕ್ಷೇಪಿಸಿದರೆ ಇಪ್ಪತ್ತರಲ್ಲಿ ಒಂಬತ್ತು. ಛೇದಗಳನ್ನು ಸಮ ಮಾಡಿಕೊಳ್ಳುವುದು ಎಂದು ಪುಸ್ತಕ ಹೇಳುವುದು ಇದನ್ನೇ, ಎರಡು ಬೇರೆ ಅಳತೆಗಳನ್ನು ಒಂದೇ ಸಣ್ಣ ಅಳತೆಗೆ ತರುವುದು. ಎಂಟು, ಒಂಬತ್ತನೇ ವಾರ ದಶಮಾಂಶಕ್ಕೆ. ಕೊನೆಯ ಮೂರು ವಾರ ಶೇಕಡ, ಅನುಪಾತ, ಬಡ್ಡಿಗೆ. ಶೇಕಡವನ್ನು ಸೂತ್ರದಿಂದಲ್ಲ, ಹತ್ತು ಹತ್ತಾಗಿ ಬಿಡಿಸಿ ಮಾಡಿ. 800ರ ಶೇ 10 ಎಂದರೆ 80, ಶೇ 5 ಅದರ ಅರ್ಧ 40, ಒಟ್ಟು 120. ಪ್ರತಿ ವಾರದ ಕೊನೆಯಲ್ಲಿ ಹಿಂದಿನ ವಾರಗಳ ಐದೈದು ಲೆಕ್ಕ ಬೆರೆಸಿ ಮಾಡಬೇಕು. ಕಲಿತದ್ದು ಉಳಿಯುವುದು ಬಿಟ್ಟು ಬಿಟ್ಟು ಮತ್ತೆ ಮಾಡುವುದರಿಂದ.

ಪುಸ್ತಕಕ್ಕೆ ಹಣ ಸುರಿಯಬೇಕಿಲ್ಲ. ನಾಲ್ಕರಿಂದ ಏಳನೇ ತರಗತಿಯ ಸರ್ಕಾರಿ ಗಣಿತ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದೀಕ್ಷಾ ಪೋರ್ಟಲ್ ಮತ್ತು ಖಾನ್ ಅಕಾಡೆಮಿಯಲ್ಲಿ ಕನ್ನಡದ ಪಾಠಗಳಿವೆ. ವಿಡಿಯೊ ನೋಡಿದ ಹೊತ್ತಿನ ಎರಡು ಪಟ್ಟು ಹೊತ್ತು ಪೆನ್ಸಿಲ್ ಹಿಡಿಯಬೇಕು. ನೋಡುವಾಗ ತಿಳಿದಂತೆ ಅನಿಸಿದ್ದು ಬರೆಯುವಾಗಷ್ಟೇ ಪರೀಕ್ಷೆಗೆ ಒಳಗಾಗುತ್ತದೆ. ಅಣಕು ಪರೀಕ್ಷೆ, ಶಾರ್ಟ್‌ಕಟ್ ಎಲ್ಲ ಹದಿಮೂರನೇ ವಾರದಿಂದ ಬರಲಿ. ಆಗ ಋಣಾಂಕದ ಲೆಕ್ಕವನ್ನೂ ಮಾಡಿಕೊಳ್ಳಿ. ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ 90 ಪ್ರಶ್ನೆ ಮುಟ್ಟಿ 60 ಸರಿ ಮಾಡಿದವರಿಗೆ ಬರುವುದು 52.5. 70 ಪ್ರಶ್ನೆ ಮಾತ್ರ ಮುಟ್ಟಿ 58 ಸರಿ ಮಾಡಿದವರಿಗೆ 55.

ಊರಿನ ಲೆಕ್ಕ, ಪುಸ್ತಕದ ಲೆಕ್ಕ

ನಮ್ಮ ಮಕ್ಕಳು ವ್ಯವಹಾರದಲ್ಲಿ ಚುರುಕು, ಶಾಲೆಯ ಲೆಕ್ಕ ಬಾರದಿದ್ದರೇನು ಎನ್ನುವವರಿದ್ದಾರೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ 28 ರೂಪಾಯಿಯಂತೆ 37 ಕಾಯಿಗೆ ಎಷ್ಟು ಎಂದರೆ ಮೂವತ್ತರಂತೆ 1,110, ಅದರಲ್ಲಿ 74 ಕಳೆದು 1,036 ಎಂದು ಕ್ಷಣದಲ್ಲಿ ಹೇಳುವವರು ಸಿಗುತ್ತಾರೆ. ಇದು ನಿಜವಾದ ಗಣಿತ, ಇದನ್ನು ಗೌರವಿಸಬೇಕು. ಆದರೆ ಇದೊಂದೇ ಸಾಲದು ಎಂಬುದಕ್ಕೆ ಪುರಾವೆ ಇದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಪಾರದ ಕಷ್ಟದ ಲೆಕ್ಕವನ್ನು ತಲೆಯಲ್ಲೇ ಮಾಡುತ್ತಿದ್ದ ಮಕ್ಕಳು ಶಾಲೆಯ ಮಾದರಿಯಲ್ಲಿ ಬರೆದು ಕೊಟ್ಟ ಸರಳ ಲೆಕ್ಕದಲ್ಲಿ ಸೋತರು. ಶಾಲೆಯಲ್ಲಿ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಒಂದು ಕಡೆಯ ಜಾಣ್ಮೆ ತಾನಾಗಿ ಇನ್ನೊಂದು ಕಡೆಗೆ ಹರಿಯುವುದಿಲ್ಲ. ಹರಿಯುವಂತೆ ಯಾರಾದರೂ ಕಲಿಸಬೇಕು.

ಕಲಿಸಲು ಸಾಮಗ್ರಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಬೇಕಾದಷ್ಟಿದೆ. ಕಬ್ಬಿನ ಲೆಕ್ಕವನ್ನೇ ತೆಗೆದುಕೊಳ್ಳಿ. 2025–26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಪ್ರತಿ ಶೇ 0.1 ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಶೇ 9.5ಕ್ಕಿಂತ ಕೆಳಗಿಳಿದರೂ 329.05 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. ಇಳುವರಿ ಶೇ 9.75 ಇದ್ದರೆ ವ್ಯತ್ಯಾಸ 0.5, ಅಂದರೆ ಐದು ಸಲ 3.46, ಒಟ್ಟು 17.30. ಕ್ವಿಂಟಲ್‌ಗೆ 337.70, ಟನ್ನಿಗೆ 3,377 ರೂಪಾಯಿ. 40 ಟನ್ನಿಗೆ 1,35,080. ಕಟಾವು ಮತ್ತು ಸಾಗಣೆಗೆ ಟನ್ನಿಗೆ 800 ರೂಪಾಯಿ ಹಿಡಿದರೆ 32,000 ಕಳೆದು ಕೈಗೆ ಬರುವುದು 1,03,080. ದಶಮಾಂಶ, ಶೇಕಡ, ಗುಣಾಕಾರ, ವ್ಯವಕಲನ ನಾಲ್ಕೂ ಒಂದೇ ಲೆಕ್ಕದಲ್ಲಿವೆ. ಮನೆಯ ಕಬ್ಬಿನ ಬಿಲ್ಲನ್ನು ಎಂಟನೇ ತರಗತಿಯ ಮಗು ಹಾಳೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಬರೆಯಲಿ. ಡೈರಿಗೆ ಹಾಕುವ ಹಾಲಿನ ಚೀಟಿಯೂ ಹಾಗೆಯೇ: ಶೇ 4.2 ಜಿಡ್ಡು ಎಂದರೆ 10 ಕೆ.ಜಿ. ಹಾಲಿನಲ್ಲಿ 420 ಗ್ರಾಂ ಎಂದು ಮಗು ತಾನೇ ಕಂಡುಕೊಳ್ಳಲಿ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ. ದಿನಬಳಕೆಯ ಲೆಕ್ಕವನ್ನು ಶಾಸ್ತ್ರವಾಗಿ ಬರೆಯುವ ಪರಂಪರೆ ನಮಗೆ ಹೊಸದಲ್ಲ.

ಸಾಲದ ಲೆಕ್ಕ ಎಲ್ಲಕ್ಕಿಂತ ತುರ್ತಿನದು. ‘ನೂರಕ್ಕೆ ಮೂರು ಬಡ್ಡಿ’ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. ‘ಶೇ 12 ಫ್ಲಾಟ್’ ಎಂದು 50,000 ರೂಪಾಯಿ ಸಾಲ ಪಡೆದು ಎರಡು ವರ್ಷ ತಿಂಗಳ ಕಂತು ಕಟ್ಟಿದರೆ ಬಡ್ಡಿ 12,000, ಕಂತು ಸುಮಾರು 2,583 ರೂಪಾಯಿ. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಪೂರ್ತಿ 50,000ಕ್ಕೇ ಬೀಳುವುದರಿಂದ ನಿಜವಾದ ವಾರ್ಷಿಕ ದರ ಶೇ 21ಕ್ಕೂ ಹೆಚ್ಚು. ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಕಿರುಕುಳವನ್ನು ತಡೆಯಬಹುದು, ಸಹಿ ಹಾಕುವ ಮುಂಚಿನ ಲೆಕ್ಕವನ್ನು ನಾವೇ ಮಾಡಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ 2024ರ ಅಕ್ಟೋಬರ್ 1ರ ನಂತರದ ಚಿಲ್ಲರೆ ಸಾಲಗಳಿಗೆ, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯ ವಿವರಗಳ ಪತ್ರವನ್ನು ಬ್ಯಾಂಕು, ಹಣಕಾಸು ಸಂಸ್ಥೆಗಳು ಕೊಡಲೇಬೇಕು. ಅದನ್ನು ಕೇಳಿ ಪಡೆದು, ಮನೆಯ ಓದಿದ ಮಗ ಅಥವಾ ಮಗಳ ಕೈಯಲ್ಲಿ ಲೆಕ್ಕ ಮಾಡಿಸಿ.

ಶಾಲೆ ಮತ್ತು ಊರು ಮಾಡಬಹುದಾದದ್ದು

ಎಲ್ಲರನ್ನೂ ಪಾಸು ಮಾಡಿದ್ದರಿಂದಲೇ ಹೀಗಾಯಿತು, ಮತ್ತೆ ಫೇಲು ಮಾಡಿದರೆ ಸರಿಹೋಗುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ಕಲಿಯದೆ ಮುಂದಕ್ಕೆ ತಳ್ಳುವುದು ತಪ್ಪು ಎಂಬಷ್ಟು ಅದರಲ್ಲಿ ಸತ್ಯವಿದೆ. ಆದರೆ ಭಾಗಾಕಾರ ಬಾರದ ಮಗುವನ್ನು ಅದೇ ತರಗತಿಯಲ್ಲಿ ಕೂರಿಸಿ ಅದೇ ಪಾಠವನ್ನು ಅದೇ ವೇಗದಲ್ಲಿ ಮತ್ತೆ ಹೇಳಿದರೆ ಬದಲಾಗುವುದೇನು? ಫಲ ಕೊಟ್ಟಿರುವುದು ಬೇರೆಯದೇ ವಿಧಾನ. ದಿನದಲ್ಲಿ ಸ್ವಲ್ಪ ಹೊತ್ತು ಮಕ್ಕಳನ್ನು ತರಗತಿಯ ಪ್ರಕಾರವಲ್ಲದೆ ಕಲಿಕೆಯ ಮಟ್ಟದ ಪ್ರಕಾರ ಗುಂಪು ಮಾಡಿ, ಅವರಿರುವಲ್ಲಿಂದ ಕಲಿಸುವುದು. ಪ್ರಥಮ್ ರೂಪಿಸಿದ ಈ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷೆಗೊಡ್ಡಿದ ಬ್ಯಾನರ್ಜಿ, ಡುಫ್ಲೊ ಅವರಿಗೆ ಮೈಕಲ್ ಕ್ರೆಮರ್ ಜೊತೆ 2019ರ ನೊಬೆಲ್ ಬಂತು. ನಮ್ಮ ರಾಜ್ಯದ ‘ಓದು ಕರ್ನಾಟಕ’ ಕಾರ್ಯಕ್ರಮ ಇದೇ ದಾರಿಯದು. ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ‘ನಲಿ-ಕಲಿ’ಯ ತಿರುಳೂ ಮಗು ತನ್ನ ವೇಗದಲ್ಲಿ ಹಂತ ದಾಟಬೇಕು ಎಂಬುದೇ. ಬೋಟ್ಸ್‌ವಾನದಲ್ಲಿ ಕೊರೊನಾ ಕಾಲದಲ್ಲಿ ವಾರಕ್ಕೊಮ್ಮೆ ಸುಮಾರು 20 ನಿಮಿಷದ ಫೋನ್ ಪಾಠದಿಂದ ಮಕ್ಕಳ ಲೆಕ್ಕ ಸುಧಾರಿಸಿತು. ಅದರ ಜಾಡಿನಲ್ಲೇ ಕರ್ನಾಟಕದಲ್ಲಿ ‘ಗಣಿತ ಗಣಕ’ ನಡೆಯುತ್ತಿದೆ. ಮಗುವಿಗೆ ಶಾಲೆಯಿಂದ ಅಂಥ ಕರೆ ಬಂದರೆ ಆ ಹೊತ್ತಿಗೆ ಫೋನ್ ಮನೆಯಲ್ಲಿರುವಂತೆ ನೋಡಿಕೊಳ್ಳಿ.

ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಪತ್ರದ ನಡುವೆ ಶಿಕ್ಷಕರು ಇದಕ್ಕೆ ಎಲ್ಲಿಂದ ಸಮಯ ತರಬೇಕು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಊರು ಕೈಜೋಡಿಸಬೇಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆ ಒಂದು ಗಂಟೆ ಲೆಕ್ಕಕ್ಕೆ ಮೀಸಲಿಡಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರು ಅಲ್ಲಿ ಐದಾರು ಮಕ್ಕಳಿಗೆ ಭಾಗಾಕಾರ, ಭಿನ್ನರಾಶಿ ಕಲಿಸಲಿ. ಕಲಿಸಲು ಕೂತವರಿಗೆ ತಮ್ಮ ಬುನಾದಿಯ ಬಿರುಕು ಎಲ್ಲಿದೆ ಎಂಬುದು ಮೊದಲು ಕಾಣುತ್ತದೆ. ಅಕ್ಷರ ಬಾರದ ತಾಯಂದಿರೂ ಮಗುವಿನಿಂದ ದಿನಾ ಹತ್ತು ನಿಮಿಷ ಮಗ್ಗಿ ಹೇಳಿಸಬಹುದು, ಸಂತೆಯ ಚಿಲ್ಲರೆಯ ಲೆಕ್ಕ ಬರೆಸಬಹುದು, ಈ ಉತ್ತರ ಹೇಗೆ ಬಂತು ಎಂದು ಕೇಳಬಹುದು. ಆ ಪ್ರಶ್ನೆಗೆ ಓದು ಬರಹ ಬೇಕಿಲ್ಲ.

ಕೊನೆಯ ತಡೆ ನಾಚಿಕೆ. ಡಿಗ್ರಿ ಓದಿದವರು ನಾಲ್ಕನೇ ತರಗತಿಯ ಪುಸ್ತಕ ಹಿಡಿಯುವುದೇ ಎಂಬ ಮುಜುಗರಕ್ಕೆ ಇನ್ನೆರಡು ವರ್ಷ ಗೈಡುಗಳ ಹಿಂದೆ ಕಳೆಯುವವರಿದ್ದಾರೆ. ಅವರ ಕೊರತೆಗೆ ಅವರೊಬ್ಬರೇ ಹೊಣೆಯಲ್ಲ, ಒಂಬತ್ತನೇ ವಯಸ್ಸಿನ ಮಗುವಿಗೆ ಅರ್ಥವಾಗಿದೆಯೇ ಎಂದು ನೋಡದೆ ಮುಂದಕ್ಕೆ ಕಳಿಸಿದ್ದು ದೊಡ್ಡವರಾದ ನಾವೆಲ್ಲರೂ. ಆದರೆ ತುಂಬಿಕೊಳ್ಳುವ ಶಕ್ತಿ ಇಂದಿಗೂ ಅವರ ಕೈಯಲ್ಲಿದೆ, ಅದಕ್ಕೆ ತಗಲುವುದು ಹನ್ನೆರಡು ವಾರ ಮತ್ತು ಉಚಿತವಾಗಿ ಸಿಗುವ ನಾಲ್ಕು ಪುಸ್ತಕ. ಮೇಲಿನ ಏಳು ಲೆಕ್ಕಗಳನ್ನು ಇವತ್ತೇ ಮಾಡಿ ನೋಡಿ. ಮೊದಲು ತಪ್ಪಿದ ಲೆಕ್ಕ ಯಾವುದೋ ನಾಳೆಯ ಓದು ಅಲ್ಲಿಂದ ಶುರುವಾಗಲಿ.